ಯಾರ ಗಡಿಯಾರದ ಆರು ಗಂಟೆ

ಸತ್ಯನಾರಾಯಣಪೇಟೆ

ನನ್ನ ಸೋದರಮಾವ ಬಸವನಗೌಡರು ಯಾರು ಯಾವ ಹೊತ್ತು ಹೇಳಿದರೂ ಕೇಳುವ ಮೊದಲ ಪ್ರಶ್ನೆ ಒಂದೇ: "ಯಾರ ಗಡಿಯಾರದಾಗ?" ಸಿರುಗುಪ್ಪದ ಬಸ್ಸು ಎಂಟಕ್ಕೆ ಎಂದರೂ ಅದೇ, ಮೊಮ್ಮಗಳ ಮದುವೆಯ ಮುಹೂರ್ತ ಒಂಬತ್ತೂ ಇಪ್ಪತ್ತಕ್ಕೆ ಎಂದರೂ ಅದೇ. ಹಚ್ಚೊಳ್ಳಿಯಲ್ಲಿ ಕಾಲುವೆ ನೀರಿನ ಪಾಳಿಗಾಗಿ ಮೇಲಿನ ಹೊಲದವರಿಗೂ ಕೆಳಗಿನ ಹೊಲದವರಿಗೂ ಜಗಳ ಹತ್ತಿದಾಗ ಕುರುಗೋಡಿನಿಂದ ಇವರನ್ನು ಕರೆಸುತ್ತಿದ್ದರು. ಇವರು ಎರಡೂ ಕಡೆಯವರ ಕೈಗಡಿಯಾರ ಬಿಚ್ಚಿಸಿ, ಕಟ್ಟೆಯ ಮೇಲೆ ಸಾಲಾಗಿ ಇಡಿಸಿ, ಎಲ್ಲವನ್ನೂ ಒಂದೇ ಹೊತ್ತಿಗೆ ತಿರುಗಿಸಿದ ಮೇಲೆಯೇ ಮಾತು ಶುರು ಮಾಡುತ್ತಿದ್ದರಂತೆ. ಚಿಕ್ಕವರಿದ್ದಾಗ ನಾವು ಅದನ್ನು ಅಣಕಿಸಿ ನಗುತ್ತಿದ್ದೆವು. ಅದರ ಹಿಂದೆ ಏನಿದೆಯೆಂದು ತಿಳಿಯಲು ನಾನು ಅರವತ್ತು ದಾಟಬೇಕಾಯಿತು, ಇನ್ನೊಂದು ದೇಶಕ್ಕೆ ಹೋಗಬೇಕಾಯಿತು.

ಮಾಮಾ ಹರೆಯದಲ್ಲಿ ಐದಾರು ವರ್ಷ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದವರು. ಎಪ್ಪತ್ತೊಂದರ ಯುದ್ಧದಲ್ಲಿ ಅವರದು ಸಂಪರ್ಕಾಧಿಕಾರಿಯ ಕೆಲಸ. ನಮ್ಮ ಸೈನ್ಯಕ್ಕೂ, ಆಗಿನ ಪೂರ್ವ ಪಾಕಿಸ್ತಾನದೊಳಗೆ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಮುಕ್ತಿವಾಹಿನಿಯ ಹುಡುಗರಿಗೂ ನಡುವೆ ಮಾತು ಹೊತ್ತು ಓಡಾಡುವುದು. ಯುದ್ಧ ಮುಗಿದ ಮೇಲೆ ಊರಿಗೆ ಬಂದು ಭತ್ತ ಬೆಳೆದರು. ಈಗ ಅವರಿಗೆ ಎಪ್ಪತ್ತೆಂಟು.

ಒಂದು ಬೆಳಿಗ್ಗೆ ಕುರುಗೋಡಿನಿಂದ ಮೊದಲ ಬಸ್ಸಿಗೆ ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ಬಂದು, ಚಪ್ಪಲಿ ಕಳಚುವ ಮೊದಲೇ ಪಾಸ್‌ಪೋರ್ಟ್ ತೆಗೆದು ತೋರಿಸಿದರು.

"ಬಾಂಗ್ಲಾಕ್ಕ ಹೋಗಬೇಕವಾ. ನೀ ಬಾ ಜೋಡಿ."

"ನಾ ಯಾಕ್ರಿ ಮಾಮಾ? ನಿಮ್ಮ ಮಗ ಅದಾನಲ್ಲ."

"ಅವಗ ನಾ ಏನು ಹೇಳಿದ್ರೂ ನಂಬತಾನ. ನೀ ನಂಬೋದಿಲ್ಲ. ನನಗ ನಂಬದವರು ಬೇಕಾಗ್ಯಾರ."

ಇದು ಬೈಗುಳವೋ ಹೊಗಳಿಕೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ಮಾಮಾ ಯುದ್ಧದ ಕತೆ ಹೇಳಿದಾಗಲೆಲ್ಲ ಒಂದೇ ನದಿಯನ್ನು ಒಮ್ಮೆ ದೋಣಿಯಲ್ಲಿ, ಒಮ್ಮೆ ಈಜಿ, ಒಮ್ಮೆ ಬಾಳೆದಿಂಡಿನ ತೆಪ್ಪದಲ್ಲಿ ದಾಟಿದ್ದರು. ಅದನ್ನು ಒಂದು ದೀಪಾವಳಿಯ ಊಟದಲ್ಲಿ ಎಲ್ಲರ ಮುಂದೆ ಎತ್ತಿ ಆಡಿದ್ದವಳು ನಾನೇ. ಆಗ ಅವರು ಸಿಟ್ಟಾಗಿರಲಿಲ್ಲ. "ಮೂರೂ ಖರೇ ಇರಬಹುದಲ್ಲ," ಅಂದು ಹೋಳಿಗೆ ಮುರಿದಿದ್ದರು.

ಗಡಿ

ಕೋಲ್ಕತ್ತದಿಂದ ಗಡಿಯವರೆಗಿನ ದಾರಿಯ ಬಗ್ಗೆ ಹೇಳುವಂಥದ್ದು ನನ್ನಲ್ಲಿ ಏನೂ ಇಲ್ಲ. ನಿದ್ದೆ ಮಾಡಿದ್ದೆ.

ಆಚೆಯ ಸುಂಕದ ಅಧಿಕಾರಿಗೆ ನನ್ನ ಚೀಲದ ಶೇಂಗಾ ಚಟ್ನಿಪುಡಿಯ ಡಬ್ಬಿ ಅನುಮಾನ ತಂದಿತು. ಮುಚ್ಚಳ ತೆಗೆದು ಮೂಸಿದರು. ತಿನ್ನುವ ವಸ್ತು ಎಂದು ಕೈಸನ್ನೆಯಲ್ಲಿ ತೋರಿಸಿದೆ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು, ಕಣ್ಣಲ್ಲಿ ನೀರು ಬಂತು. ಸುಮ್ಮನಿರದೆ ಪಕ್ಕದ ಮೇಜಿನವರನ್ನೂ ಕರೆದು ತಿನ್ನಿಸಿದರು. ಅವರು ಕೆಮ್ಮುವುದನ್ನು ನೋಡಿ ಇನ್ನಿಬ್ಬರು ಬಂದರು. ನಾಲ್ಕು ಮಂದಿ ಸರ್ಕಾರಿ ನೌಕರರು ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಾಗ ನಮ್ಮ ಉಳಿದ ಚೀಲಗಳನ್ನು ಬಿಚ್ಚುವ ಮಾತೇ ಬರಲಿಲ್ಲ.

ಹೊರಗೆ ಹನ್ನೊಂದಕ್ಕೆ ಜೆಸ್ಸೋರಿನ ಬಸ್ಸು. ನನ್ನ ಗಡಿಯಾರದಲ್ಲಿ ಹತ್ತೂವರೆ. ನಿಧಾನವಾಗಿ ಹೋದರೆ ನಿಲ್ದಾಣದಲ್ಲಿ ಬಸ್ಸಿರಲಿಲ್ಲ. ಹತ್ತು ನಿಮಿಷದ ಹಿಂದೆ ಹೋಯಿತು ಎಂದರು. ಫೋನ್ ತೆಗೆದು ನೋಡಿದೆ, ಅದು ತಾನಾಗಿಯೇ ಹನ್ನೊಂದೂ ಹತ್ತು ಮಾಡಿಕೊಂಡಿತ್ತು.

"ಇಲ್ಲಿ ಅರ್ಧ ತಾಸು ಮುಂದ ಐತವಾ," ಮಾಮಾ ಅಂದರು. "ನಿನಗ ಹೇಳೇನಿ ಅಂದ್ಕೊಂಡಿದ್ದೆ."

"ಹೇಳಿಲ್ರಿ."

"ರೈಲಿನ್ಯಾಗ ಹೇಳಿದ್ನಲ್ಲ."

"ಇಲ್ರಿ ಮಾಮಾ."

ಅವರು ಚೀಲವನ್ನು ನೆಲಕ್ಕಿಟ್ಟರು. ಬಸ್ಸು ತಪ್ಪಿದ್ದಕ್ಕೆ ಯಾರೂ ಅಷ್ಟು ಬಿಳಿಚಿಕೊಳ್ಳುವುದಿಲ್ಲ. "ಆವಾಗೂ ಹಿಂಗ ಆಗಿದ್ದು," ಅಂದರು. "ಇದ ಆಗಿದ್ದು."

ಮುಂದಿನ ಬಸ್ಸಿಗೆ ಎರಡು ತಾಸು ಇತ್ತು. ಚಹಾದಂಗಡಿಯ ಬೆಂಚಿನ ಮೇಲೆ ಕೂತೆವು. ಅಂಗಡಿಯವನು ಕಾಗದದ ಪೊಟ್ಟಣದಲ್ಲಿ ಮಂಡಕ್ಕಿ ಕೊಟ್ಟ. ಬಳ್ಳಾರಿಯಿಂದ ಅಷ್ಟು ದೂರ ಬಂದು ಮತ್ತೆ ಮಂಡಕ್ಕಿಯೇ. ಆದರೆ ಒಗ್ಗರಣೆಯ ಬದಲು ಹಸಿ ಸಾಸಿವೆ ಎಣ್ಣೆ. ಮೊದಲ ಮುಕ್ಕಿಗೆ ಮೂಗು ಉರಿಯಿತು. ಚಟ್ನಿಪುಡಿಗೆ ಸರಿಯಾಯಿತು ಎಂದುಕೊಂಡೆ.

ಬೆಂಚು

ಅಲ್ಲಿ ಅವರು ಹೇಳಿದ್ದನ್ನು ನಾನು ಅದೇ ದಿನ ಬರೆದಿಟ್ಟೆ. ಆದರೂ ಇದು ಅವರ ಮಾತೇ ಎಂದು ಆಣೆ ಮಾಡಲಾರೆ.

"ನಮ್ಮದು ಎರಡು ಕಡಿನೂ ಉಣ್ಣೋ ಕೆಲಸ," ಎಂದು ಶುರು ಮಾಡಿದರು. "ನಮ್ಮ ಸೈನ್ಯದಾಗ ಉಂಡು ಬಂದೇನಿ ಅಂದ್ರ ಆ ಹುಡುಗರಿಗೆ ಬೇಜಾರು. ಹುಡುಗರ ಜೋಡಿ ಉಂಡೇನಿ ಅಂದ್ರ ನಮ್ಮವರಿಗೆ ಅನುಮಾನ, ಇಂವ ಯಾರ ಕಡಿ ಅಂತ. ನನ್ನ ಕೈಯಾಗ ಒಂದು ತೋಪಿಲ್ಲ, ನಾ ಹೇಳಿದ್ದು ಕೇಳೋ ಹತ್ತು ಮಂದಿ ಇಲ್ಲ. ಒಂದು ಜೀಪು, ಒಂದು ವೈರ್‌ಲೆಸ್ಸು. ಇವರು ಹೇಳಿದ್ದು ಅವರಿಗೆ, ಅವರು ಹೇಳಿದ್ದು ಇವರಿಗೆ. ನಡುವಿನ ಬೈಗುಳ ತೆಗೆದು ಹೇಳಬೇಕು. ಅಷ್ಟ."

ಅಷ್ಟೇ ಅಲ್ಲ. ಮುಕ್ತಿವಾಹಿನಿಯವರು ಲುಂಗಿ ಉಟ್ಟ ರೈತರಂತೆಯೇ ಇರುತ್ತಿದ್ದರು. ಮೈಲುಗಟ್ಟಲೆ ಹಿಂದೆ ನಿಂತ ನಮ್ಮ ತೋಪಿನವರಿಗೆ ಯಾರು ನಮ್ಮವರು, ಯಾರಲ್ಲ ಎಂಬುದು ಮಾಮಾನ ಬಾಯಿಂದಲೇ ಗೊತ್ತಾಗಬೇಕು. ಶೆಲ್ಲು ಎಲ್ಲಿ ಬೀಳುತ್ತದೆ, ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂಬುದು ಆ ಹುಡುಗರಿಗೂ ಅದೇ ಬಾಯಿಂದ. ಒಳಗಿನ ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಇದ್ದವರು ಢಾಕಾದ ಹೊತ್ತು ಇಟ್ಟುಕೊಂಡಿದ್ದರು, ಅದು ನಮ್ಮದಕ್ಕಿಂತ ಅರ್ಧ ತಾಸು ಮುಂದೆ. ಆದ್ದರಿಂದ ಮಾಮಾ ಒಂದು ರೂಢಿ ಮಾಡಿಕೊಂಡಿದ್ದರು. ಹೊತ್ತು ಹೇಳಿದಾಗಲೆಲ್ಲ ಯಾರ ಗಡಿಯಾರ ಎಂದೂ ಹೇಳುವುದು.

ಒಂದು ಮಧ್ಯಾಹ್ನ ನದಿ ದಂಡೆಯ ಹಳ್ಳಿಯ ದನದ ಕೊಟ್ಟಿಗೆಯಲ್ಲಿ ಹದಿನಾಲ್ಕು ಜನ ಹೋರಾಟಗಾರರು ಕೂತಿದ್ದರು. ಅವರ ಮುಂದಾಳು ಅನ್ವರ್, ಅದೇ ಊರಿನ ಶಾಲೆಯ ಮಾಸ್ತರ. ಮರುದಿನದ ಯೋಜನೆಯನ್ನು ಮಾಮಾ ಅವರಿಗೆ ಹೇಳಿದರು. ಬೆಳಗಿನ ಆರರವರೆಗೆ ನಮ್ಮ ತೋಪುಗಳು ಪಾಕಿಸ್ತಾನಿ ಸೈನ್ಯ ಕೂತಿರುವ ಆಚೆಯ ಏರಿಯ ಮೇಲೆ ಹೊಡೆಯುತ್ತವೆ, ಆರಕ್ಕೆ ನಿಲ್ಲುತ್ತವೆ, ಆಗ ನೀವು ದೋಣಿ ಬಿಡಿ.

ಹುಡುಗರು ತಮ್ಮ ಆರಕ್ಕೆ ದೋಣಿ ಬಿಟ್ಟರು. ನಮ್ಮ ಗಡಿಯಾರದಲ್ಲಿ ಆಗ ಐದೂವರೆ, ತೋಪುಗಳು ಇನ್ನೂ ನಿಂತಿರಲಿಲ್ಲ. ನಾಲ್ಕು ಮಂದಿ ನದಿಯ ನಡುವೆಯೇ ಸತ್ತರು.

"ನಮ್ಮ ಗಡಿಯಾರದಾಗ ಆರು ಅಂತ ಹೇಳಿದ್ರೇನ್ರಿ?" ಎಂದೆ.

"ಅದ ಗೊತ್ತಿಲ್ಲ. ಒಂದೊಂದು ಸಲ ಹೇಳಿದ್ದು ಖರೇ ನೆನಪಾಗತೈತಿ. ನನ್ನ ದನಿನ ಕೇಳಸತೈತಿ. ಒಂದೊಂದು ಸಲ ಹೇಳಿಲ್ಲ ಅಂತ ಅಷ್ಟ ಚೊಕ್ಕ ನೆನಪಾಗತೈತಿ."

ಆ ದಿನದ ಟಿಪ್ಪಣಿ ಪುಸ್ತಕ ಅವರ ಹತ್ತಿರ ಇತ್ತು. ಕೊಟ್ಟರು. 'ಅನ್ವರ್‌ಗೆ ಹೇಳಿದೆ. ಆರು.' ಅಷ್ಟೇ ಬರೆದಿದೆ. ನನ್ನ ವೃತ್ತಿಯಲ್ಲಿ ಇಂಥ ಕಾಗದವನ್ನು ಸಾಕ್ಷ್ಯ ಎನ್ನುತ್ತೇವೆ.

ಅನ್ವರ್ ಮಾಸ್ತರರು ಬದುಕಿದ್ದರು. ಐವತ್ತು ವರ್ಷದಿಂದ ಈದಿಗೂ ದೀಪಾವಳಿಗೂ ಇಬ್ಬರ ನಡುವೆ ಪತ್ರ ಓಡಾಡಿವೆ: ಬೆಳೆ, ಮಳೆ, ಮೊಳಕಾಲು ನೋವು. ಆ ಬೆಳಗಿನ ಬಗ್ಗೆ ಒಂದು ಸಾಲೂ ಇಲ್ಲ.

"ಸತ್ತವರ ಮನಿಯವರು ಯಾರರ ಇದ್ರ ಅವರ ಅಂಗಳದಾಗ ನಿಂತು ಹೇಳಬೇಕು," ಮಾಮಾ ಅಂದರು. "ಶೆಲ್ಲು ನಮ್ಮವು, ಹೊತ್ತು ತಪ್ಪಿದ್ದು ನನ್ನಿಂದ ಇರಬಹುದು ಅಂತ. ಹೇಳದ ಸಾಯಬಾರದು. ನಾ ಹೇಳುವಾಗ ಕತಿ ಕಟ್ಟಿದ್ರ ನೀ ನನ್ನ ನಿಲ್ಲಸಬೇಕು. ಅದಕ್ಕ ಕರಕೊಂಡು ಬಂದೇನಿ."

ಜೆಸ್ಸೋರ್

ಈ ಪಟ್ಟಣದಲ್ಲಿ ನಾನು ಮಾಡಿದ ತಪ್ಪು ಬಳ್ಳಾರಿಯವರೇ ಮಾಡುವಂಥದ್ದು. ನಮ್ಮ ಪೇಟೆಯಲ್ಲಿ ಮುಸ್ಲಿಮರ ಅಂಗಡಿಗೆ ಹೋದರೆ ನಾಲ್ಕು ಉರ್ದು ಮಾತು ತಾವಾಗಿಯೇ ಬಾಯಿಗೆ ಬರುತ್ತವೆ, ಅವರಿಗೂ ಖುಷಿ, ನಮಗೂ ಖುಷಿ. ಇಲ್ಲಿ ಒಬ್ಬ ಮುದುಕರ ಅಂಗಡಿಯಲ್ಲಿ ಅದೇ ಸಲುಗೆಯಿಂದ ಉರ್ದುವಿನಲ್ಲಿ ಸಾಬೂನು ಕೇಳಿದೆ. ಅವರ ನಗು ಹಾಗೇ ಆರಿತು. ಸಾಬೂನು ಕೊಟ್ಟರು, ಮುಖ ಕೊಡಲಿಲ್ಲ.

"ಇಲ್ಲಿ ಉರ್ದು ಬ್ಯಾಡವಾ," ಮಾಮಾ ಹೊರಗೆ ಬಂದು ಅಂದರು. "ಪಾಕಿಸ್ತಾನದ ಸರ್ಕಾರದವರು ಇವರ ಬಾಯಾಗಿಂದ ಬಂಗಾಳಿ ಕಿತ್ತು ಅದನ್ನ ತುರಕಾಕ ನೋಡಿದ್ರು. ಜಗಳ ಶುರು ಆಗಿದ್ದ ಅಲ್ಲಿಂದ. ಕನ್ನಡ ಮಾತಾಡು, ತಿಳೀದಿದ್ರೂ ನಡೀತೈತಿ."

ನಾನು ಹಾಗೇ ಮಾಡಿದೆ. ಮರುದಿನ ಬೆಳಿಗ್ಗೆ ಅದೇ ಅಂಗಡಿಗೆ ಹೋಗಿ ಅಚ್ಚ ಕನ್ನಡದಲ್ಲಿ ಬೆಂಕಿಪೊಟ್ಟಣ ಕೇಳಿ, ಕಡ್ಡಿ ಗೀರಿ ತೋರಿಸಿದೆ. ಮುದುಕರು ಮನಸಾರೆ ನಕ್ಕರು. ನನಗೆ ಬೆಂಕಿಪೊಟ್ಟಣ ಬೇಕಾಗಿರಲಿಲ್ಲ.

ಇಲ್ಲಿ ಎಲ್ಲರೂ ನಮ್ಮನ್ನು ಕಂಡು ಹಿಗ್ಗಿದರು ಎಂದು ಬರೆದರೆ ಸುಳ್ಳಾಗುತ್ತದೆ. ನಮ್ಮನ್ನು ಹಳ್ಳಿಗೆ ಕರೆದೊಯ್ದ ರಿಕ್ಷಾದವನು ನಾವು ಭಾರತದವರೆಂದು ತಿಳಿದ ಮೇಲೆ ದಾರಿಯುದ್ದಕ್ಕೂ ನದಿಗಳ ಮಾತೇ ಆಡಿದ. ಮಾಮಾ ಐವತ್ತು ವರ್ಷದ ತುಕ್ಕು ಹಿಡಿದ ಬಂಗಾಳಿಯಲ್ಲಿ ಹೂಂ ಹೂಂ ಎನ್ನುತ್ತಿದ್ದರು.

"ಏನಂತಾನ್ರಿ?"

"ನೀವು ಮ್ಯಾಲಿನವರು, ನೀರು ಹಿಡಕೊಂಡು ಕುಂತೀರಿ ಅಂತಾನ." ಆಮೇಲೆ ಸೇರಿಸಿದರು, "ಹಚ್ಚೊಳ್ಳಿ ಮಂದಿ ಎಲ್ಲಾ ಕಡಿ ಅದಾರವಾ. ಕೆಳಗಿನ ಹೊಲದವನ ಮಾತು ಪೂರಾ ಕೇಳಬೇಕು. ನಡುವ ಬಾಯಿ ಹಾಕಬಾರದು."

ಎರಡೂ ಬದಿ ಭತ್ತದ ಗದ್ದೆ. ಸಿರುಗುಪ್ಪದ ದಾರಿಯಂತೆಯೇ ಕಾಣುತ್ತದೆ, ಆದರೆ ಎಲ್ಲೂ ಒಂದು ಕಲ್ಲಿಲ್ಲ. ಕುರುಗೋಡಿನಲ್ಲಿ ಹುಟ್ಟಿದವರ ಕಣ್ಣು ಬಯಲಿನ ಕೊನೆಯಲ್ಲಿ ಒಂದು ಗುಡ್ಡ ಹುಡುಕುತ್ತದೆ. ಇಲ್ಲಿ ಕಣ್ಣು ಹೋಗಿ ಹೋಗಿ ಆಕಾಶಕ್ಕೆ ತಾಗಿ ಸುಸ್ತಾಗುತ್ತದೆ.

ನದಿ ದಂಡೆ

ಆ ಹಳ್ಳಿಯ ಹೆಸರನ್ನು ನಾನು ಬರೆಯುವುದಿಲ್ಲ. ಕಾರಣ ಮುಂದೆ ತಿಳಿಯುತ್ತದೆ.

ಅನ್ವರ್ ಮಾಸ್ತರರು ದಾರಿಯಲ್ಲೇ ಕೋಲೂರಿ ನಿಂತಿದ್ದರು, ಪಕ್ಕದಲ್ಲಿ ಕಾಲೇಜಿಗೆ ಹೋಗುವ ಮೊಮ್ಮಗಳು ರುಮಾನಾ. ಇಬ್ಬರು ಮುದುಕರು ತಬ್ಬಿಕೊಳ್ಳುತ್ತಾರೆಂದು ನಾನು ಕಾದೆ. ಅವರು ಒಬ್ಬರ ಮೊಳಕಾಲನ್ನು ಒಬ್ಬರು ನೋಡಿಕೊಂಡರು. ಪತ್ರಗಳಲ್ಲಿ ಅಷ್ಟು ಓದಿದ್ದ ಮೊಳಕಾಲುಗಳು.

ರುಮಾನಾಳಿಗೆ ಇಂಗ್ಲಿಷ್ ಬರುತ್ತಿತ್ತು. ಹಳ್ಳಿಯಲ್ಲಿ ನಾನು ಕೇಳಿದ ಮಾತೆಲ್ಲ ಬಂಗಾಳಿಯಿಂದ ಅವಳ ಇಂಗ್ಲಿಷಿಗೆ, ಅಲ್ಲಿಂದ ನನ್ನೊಳಗೆ ಕನ್ನಡಕ್ಕೆ ಬಂದದ್ದು. ಆ ಹಿರಿಯರು ಮಾತಾಡುವ ರೀತಿ, ಕೈ ಆಡಿಸುವ ರೀತಿ ನಮ್ಮ ಕಡೆಯವರದೇ. ಹಾಗಾಗಿ ನನ್ನ ಕಿವಿಗೆ ಅದು ನಮ್ಮ ಕಡೆಯ ಮಾತಾಗಿಯೇ ಬಿತ್ತು. ಹಾಗೇ ಬರೆಯುತ್ತೇನೆ.

ಊಟಕ್ಕೆ ಕೂತಾಗ ನಮಗಾಗಿ ಬೇರೆಯೇ ಬೇಳೆ, ಬದನೆಕಾಯಿ ಮಾಡಿಸಿದ್ದರು. ಕುರುಗೋಡಿನ ನಮ್ಮ ಮನೆತನದಲ್ಲಿ ಮೊಟ್ಟೆಯೂ ಹೊಸ್ತಿಲು ದಾಟಿಲ್ಲ. ಮಾಸ್ತರರು ಮಾಮಾನ ತಟ್ಟೆ ನೋಡಿ ಹುಬ್ಬೇರಿಸಿದರು.

"ಇದೇನು ಕ್ಯಾಪ್ಟನ್? ಆವಾಗ ಮೀನಿನ ತಲಿ ನಿನಗ ಬೇಕು ಅಂತ ನಮ್ಮ ಹುಡುಗರ ಜೋಡಿ ಜಗಳ ಆಡತಿದ್ದಿ."

ರುಮಾನಾ ಅನುವಾದಿಸಿದಳು. ನಾನು ಮಾಮಾನ ಕಡೆ ತಿರುಗಿದೆ. ಅವರು ಅನ್ನ ಕಲಸುತ್ತಲೇ ಇದ್ದರು.

"ಅದು ಡ್ಯೂಟಿ," ಅಂದರು ಕನ್ನಡದಲ್ಲಿ. "ಅವರು ಉಣ್ಣೋದು ಉಂಡ್ರನ ಅವರು ನಂಬತಿದ್ರು."

"ತಲಿನೂ ಡ್ಯೂಟಿ ಏನ್ರಿ?"

"ನಿಮ್ಮತ್ತಿ ಮುಂದ ಹೇಳಬ್ಯಾಡ."

ಊಟವಾದ ಮೇಲೆ ನದಿಗೆ ಹೋದೆವು. ನಮ್ಮ ವೇದಾವತಿಯಷ್ಟೂ ಅಗಲವಿಲ್ಲ. ಮಾಮಾ ಹೇಳಿದ ಮೂರು ರೀತಿಯಲ್ಲೂ ದಾಟಬಹುದಾದ ನದಿ. ದಂಡೆಯಲ್ಲಿ ಸುಣ್ಣ ಬಳಿದ ಕಟ್ಟೆ, ಅದರ ಮೇಲೆ ಒಂದು ಬರಹದ ಕಲ್ಲು. ರುಮಾನಾ ಓದಿ ಹೇಳಿದಳು: ಶತ್ರುವಿನ ಶೆಲ್ಲಿಗೆ ಸಿಕ್ಕು ಹುತಾತ್ಮರಾದವರು. ಕೆಳಗೆ ನಾಲ್ಕು ಹೆಸರು.

ಮಾಮಾ ಕಲ್ಲನ್ನು ಬಹಳ ಹೊತ್ತು ನೋಡಿದರು. "ಶತ್ರುವಿನ," ಅಂದರು.

"ನಾನ ಬರಿಸಿದ್ದು," ಮಾಸ್ತರರು ಅಂದರು.

"ಅನ್ವರ್, ನಾ ಆವತ್ತು ಯಾರ ಗಡಿಯಾರ ಅಂತ ಹೇಳಲಿಲ್ಲ."

"ಹೇಳಿದಿ. ನಿಮ್ಮ ಆರು ಅಂತ ಹೇಳಿದಿ. ಅರ್ಧ ತಾಸು ಸೇರಸಬೇಕಾಗಿತ್ತು, ನಾ ಹುಡುಗರಿಗೆ ಬರೇ ಆರು ಅಂದೆ. ತಪ್ಪು ನಂದು."

"ನಿನಗ ಹೆಂಗ ಗೊತ್ತು? ನಾ ಹೇಳಿಲ್ಲ."

"ನನ್ನ ಕಿವಿಲೇ ಕೇಳೇನಿ."

"ಈಗ ನಿನ್ನ ಕಿವಿ ಕೇಳೋದಿಲ್ಲ."

"ಆವಾಗ ಕೇಳತಿತ್ತು."

ಇಬ್ಬರು ಎಂಬತ್ತರ ಹತ್ತಿರದ ಗಂಡಸರು ಒಂದು ತಪ್ಪಿಗಾಗಿ ಹೊಲದ ಬದುವಿಗೆ ಜಗಳ ಆಡುವಂತೆ ಆಡಿದರು, ತನಗೇ ಬೇಕೆಂದು. ನಂಬದಿರುವುದು ನನ್ನ ಕೆಲಸ. ಇಬ್ಬರನ್ನೂ ನಂಬಲಿಲ್ಲ. ಐವತ್ತು ವರ್ಷ ಒಬ್ಬೊಬ್ಬರೇ ಮತ್ತೆ ಮತ್ತೆ ಮುಟ್ಟಿ ನೋಡಿದ ಆ ಮಧ್ಯಾಹ್ನದಲ್ಲಿ ಮೊದಲಿದ್ದ ಅಂಚು ಯಾವುದೂ ಉಳಿದಿರಲಾರದು.

ಕೊನೆಗೆ ಮಾಸ್ತರರು ದನಿ ಇಳಿಸಿದರು. ಸತ್ತವರಲ್ಲಿ ಎಲ್ಲರಿಗಿಂತ ಚಿಕ್ಕವನು ರಫೀಕ್. ಅವನ ಅಕ್ಕ ಜೊಹ್ರಾ ಇನ್ನೂ ಇಲ್ಲೇ ಇದ್ದಾರೆ. ಉಳಿದ ಮೂವರ ಮನೆಯವರು ಊರು ಬಿಟ್ಟು ಎಷ್ಟೋ ಕಾಲವಾಯಿತು.

"ಆಕಿ ಮುಂದ ಹೇಳಬ್ಯಾಡ," ಮಾಸ್ತರರು ಅಂದರು. "ಆಕಿಗೆ ಈ ಕಲ್ಲೊಂದ ಐತಿ. ವೈರಿ ಹೊಡದಾನ ಅಂತ ತಿಳಕೊಂಡು ಇಷ್ಟು ವರ್ಷ ಬಾಳೇ ಮಾಡ್ಯಾಳ. ಈಗ ಗೆಳ್ಯಾರ ಹೊಡದ್ರು ಅಂದ್ರ ಆಕಿ ಎಲ್ಲಿ ಇಟಗೋಬೇಕು ಅದನ್ನ?"

ಮಾಮಾ ನನ್ನ ಕಡೆ ನೋಡಿದರು. ನನಗೆ ಮಾಸ್ತರರ ಮಾತೇ ಸರಿ ಎನಿಸಿತ್ತು. ಅದನ್ನು ಹೇಳಿದೆ ಕೂಡ. ಇಲ್ಲಿಗೇ ಬಿಡೋಣ, ನಾಲ್ಕು ಹೂವು ಇಟ್ಟು ಹೊರಡೋಣ ಎಂದೆ.

"ಹೂವು ಇಡಾಕ ಇಷ್ಟು ದೂರ ಬಂದಿಲ್ಲವಾ," ಅಂದು ಅವರು ಹೊರಟರು.

ಜೊಹ್ರಾ ಅವರ ಅಂಗಳ

ಎಪ್ಪತ್ತು ದಾಟಿದ ಹೆಂಗಸು, ಬಾತುಕೋಳಿಗಳಿಗೆ ನುಚ್ಚು ಎರಚುತ್ತಿದ್ದರು. ಮಾಸ್ತರರನ್ನು ನೋಡಿ ಸೆರಗು ಎಳೆದುಕೊಂಡರು, ನಮ್ಮನ್ನು ನೋಡಿ ಬೆತ್ತದ ಪೀಠ ತಂದಿಟ್ಟರು. ಮಾಮಾ ಕೂರಲಿಲ್ಲ.

ನಿಂತೇ ಹೇಳಿದರು. ಆ ಸಾಲುಗಳನ್ನು ಅವರು ಎಷ್ಟು ಸಲ ಒಳಗೊಳಗೇ ಹೇಳಿಕೊಂಡಿದ್ದರೋ, ಬಂಗಾಳಿ ಎಲ್ಲೂ ತಡವರಿಸಲಿಲ್ಲ. ಶೆಲ್ಲು ನಮ್ಮವು. ಹೊತ್ತು ತಿಳಿಸಿದವನು ನಾನು. ಯಾರ ಗಡಿಯಾರ ಎಂದು ಹೇಳಿದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಹೇಳಿಲ್ಲದಿದ್ದರೆ ನಿಮ್ಮ ತಮ್ಮ ಸತ್ತದ್ದು ನನ್ನಿಂದ. ರುಮಾನಾ ಅದನ್ನು ನನ್ನ ಕಿವಿಯಲ್ಲಿ ಪಿಸುಗುಡುತ್ತ ನಡುವೆ ಒಮ್ಮೆ ನಿಂತಳು. ಅವಳೂ ಇದನ್ನು ಮೊದಲು ಕೇಳಿದ್ದು ಇವತ್ತೇ, ನದಿ ದಂಡೆಯಲ್ಲಿ. ಅವಳ ಅಜ್ಜ ಬಾತುಕೋಳಿಗಳನ್ನೇ ನೋಡುತ್ತಿದ್ದರು.

ಮಾಮಾ ಕತೆ ಕಟ್ಟಲಿಲ್ಲ. ನಾನು ತಡೆಯುವ ಜಾಗ ಬರಲಿಲ್ಲ.

ಜೊಹ್ರಾ ಕೈಯಲ್ಲಿದ್ದ ನುಚ್ಚನ್ನು ಪೂರ್ತಿ ಎರಚಿ ಮುಗಿಸಿದರು.

"ಗೊತ್ತೈತಿ," ಅಂದರು.

ಮಾಸ್ತರರು ತಲೆಯೆತ್ತಿದರು.

"ಶೆಲ್ಲು ಪಡುವಣದಿಂದ ಬಂದ್ವು. ವೈರಿ ಮೂಡಣಕ್ಕಿದ್ದ. ನಾನು, ನಮ್ಮವ್ವ ಕೆರಿಯಾಗ ಕುತ್ತಿಗಿ ಮಟ ನೀರಾಗ ನಿಂತಿದ್ವಿ. ತಲಿ ಮ್ಯಾಲೆ ಯಾ ಕಡಿಂದ ಯಾ ಕಡಿಗೆ ಸಿಳ್ಳು ಹೊಡಕೊಂತ ಹೋದ್ವು ಅಂತ ನಮ್ಮ ಬಾತುಕೋಳಿಗೂ ತಿಳದಿತ್ತು."

"ಮತ್ತ ಆ ಕಲ್ಲು?" ಮಾಸ್ತರರು ಕೇಳಿದರು. "ಇಷ್ಟು ವರ್ಷ ಒಂದು ಮಾತು ಅನ್ನಲಿಲ್ಲಲ್ಲ."

"ಕಲ್ಲು ನಿನಗ ಬೇಕಾಗಿತ್ತು ಮಾಸ್ತರ. ನೀ ನಿದ್ದಿ ಮಾಡಬೇಕಾಗಿತ್ತು. ನಾ ಸುಮ್ಮನಿದ್ದೆ."

ಮಾಸ್ತರರು ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಮಾಮಾ ಆ ಅರ್ಧ ತಾಸಿನ ಮಾತು ಮತ್ತೆ ಎತ್ತಿದರು. ಜೊಹ್ರಾ ಕೈಯಿಂದಲೇ ತಡೆದರು.

"ಅದನ್ನ ನೀವಿಬ್ರು ಬಗಿಹರಿಸಿಕೊಳ್ರಿ. ನನಗ ಒಂದು ಹೇಳ್ರಿ. ಹಿಂದಿನ ದಿನ ಮಧ್ಯಾಹ್ನ ನೀವು ಕೊಟ್ಟಿಗ್ಯಾಗ ಅವನ್ನ ನೋಡಿದ್ರಿ. ಇದ ಊರಾಗ ಇದ್ರೂ ಗುಟ್ಟು ಒಡೀತೈತಿ ಅಂತ ಅಂವ ಮನಿಗೆ ಬರಲಿಲ್ಲ, ನಾವು ಅವನ್ನ ನೋಡಿ ಆರು ತಿಂಗಳಾಗಿತ್ತು. ಹೆಂಗಿದ್ದ? ಏನರ ಅಂದ್ನೇನು?"

ಜೊಹ್ರಾ ತಾವೇ ಮುಂದುವರಿಸಿದರು. "ಬಂದವರೆಲ್ಲ ಒಂದೊಂದು ಹೇಳ್ಯಾರ. ಅಕ್ಕನ್ನ ನೆನಿಸಿ ಅತ್ತ ಅಂದ ಒಬ್ಬ. ದೇಶದ ಮಾತು ಆಡಿದ ಅಂದ ಇನ್ನೊಬ್ಬ. ಹಾಡತಿದ್ದ ಅಂತ ಪೇಪರಿನವರು ಬರಕೊಂಡು ಹೋದ್ರು. ನಮ್ಮ ರಫೀಕಗ ಹಾಡು ಬರತಿರಲಿಲ್ಲ."

ಇಲ್ಲಿ ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ಮಾಮಾ ಒಂದು ಸುಳ್ಳು ಹೇಳಲಿ ಎಂದು ನಾನು ಆ ಹೊತ್ತಿಗೆ ಮನಸ್ಸಿನಲ್ಲೇ ಬೇಡಿಕೊಂಡೆ. ಒಂದು ಸಣ್ಣ ಸುಳ್ಳು ಸಾಕಿತ್ತು. ನಗುತ್ತಿದ್ದ, ಅಕ್ಕನ ಹೆಸರು ಹೇಳಿದ. ಒಂದೇ ನದಿಯನ್ನು ಮೂರು ಥರ ದಾಟಿದವರಿಗೆ ಅದೇನು ಕಷ್ಟ? ಅವರು ಬಾಯಿ ತೆರೆದಾಗ ತಡೆಯುವುದಿಲ್ಲ ಎಂದು ನಿರ್ಧರಿಸಿದ್ದೆ.

"ನೆನಪಿಲ್ಲ," ಅಂದರು ಮಾಮಾ. ಮೊದಲು ಕನ್ನಡದಲ್ಲೇ ಬಂತು, ಆಮೇಲೆ ಬಂಗಾಳಿಯಲ್ಲಿ ಹೇಳಿದರು. "ಹದಿನಾಕು ಮಂದಿ ಕುಂತಿದ್ರು. ನಾ ನಕ್ಷೆ ನೋಡಾಕತ್ತಿದ್ದೆ. ನಿಮ್ಮ ತಮ್ಮನ ಮುಖ ನಾ ನೋಡೇನೋ ಇಲ್ಲೋ, ಅದೂ ನೆನಪಿಲ್ಲ."

ಜೊಹ್ರಾ ಬೈಯುತ್ತಾರೆಂದೇ ನಾನು ಅಂದುಕೊಂಡೆ.

"ಇಷ್ಟು ವರ್ಷದಾಗ ಈ ಅಂಗಳಕ್ಕ ಬಂದು ನೆನಪಿಲ್ಲ ಅಂದವರು ನೀವೊಬ್ರ," ಅಂದರು. "ಹಂಗಾದ್ರ ಉಳಿದದ್ದು ಖರೇ."

ಬೆತ್ತದ ಪೀಠವನ್ನು ಕಾಲಿನಿಂದ ಮಾಮಾನ ಕಡೆಗೆ ಸರಿಸಿ, ತಾವು ಎದುರಿಗೆ ನೆಲದ ಮೇಲೆ ಕೂತರು.

"ಕುಂದ್ರರಿ. ಮೊದಲಿಂದ ಹೇಳ್ರಿ. ಗೊತ್ತಿದ್ದಷ್ಟ ಹೇಳ್ರಿ."